ನಾಲ್ಕು ಸ್ವರದ ರಿಫ್‌ಗೆ ನೂರು ವಾಟ್ ಬೇಕಾ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಚಿಕ್ಕಂದಿನಿಂದ ಕರ್ನಾಟಕ ಪಿಟೀಲು ಕಲಿಯುತ್ತಿದ್ದಾನೆ, ವರ್ಣಗಳು ಮುಗಿದಿವೆ. ಹೋದ ವರ್ಷ ನನ್ನ ಅಕ್ಕನ ಮಗ ತನ್ನ ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಟ್ಟ. ಆವತ್ತಿನಿಂದ ಡೀಪ್ ಪರ್ಪಲ್ ಅನ್ನುವ ಇಂಗ್ಲೆಂಡಿನ ರಾಕ್ ತಂಡದ ‘ಮಷೀನ್ ಹೆಡ್’ ಆಲ್ಬಂ ಬಿಟ್ಟು ಬೇರೇನೂ ಕೇಳುವುದಿಲ್ಲ. ಅದರಲ್ಲಿನ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ರಿಫ್, ಅಂದರೆ ಶುರುವಿನಲ್ಲಿ ಮತ್ತೆ ಮತ್ತೆ ಬರುವ ತುಣುಕನ್ನು ದಿನವೂ ನುಡಿಸುತ್ತಾನೆ. ಆದರೆ ರೆಕಾರ್ಡಿನ ಹಾಗೆ ಬರುತ್ತಿಲ್ಲವಂತೆ. ಅದಕ್ಕೆ 100 ವಾಟಿನ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ), ಡಿಸ್ಟಾರ್ಷನ್ ಪೆಡಲ್ (ಸದ್ದನ್ನು ಒಡೆಸಿ ಒರಟಾಗಿಸುವ ಸಾಧನ) ಎಲ್ಲ ಸೇರಿ 45,000 ರೂಪಾಯಿ ಬೇಕು ಅನ್ನುತ್ತಾನೆ. ನಮ್ಮ ಮಾವನವರು ‘ಇದರಿಂದ ಸ್ವರಜ್ಞಾನ ಕೆಡುತ್ತೆ, ಕಿವಿಯೂ ಹೋಗುತ್ತೆ’ ಅನ್ನುತ್ತಾರೆ. ಅವನ ಗಿಟಾರ್ ಮೇಷ್ಟ್ರು ‘ಐವತ್ತು ವರ್ಷ ಹಳೇ ಆಲ್ಬಂ, ನಾಲ್ಕೇ ಸ್ವರ, ಸುಮ್ನೆ ಟೈಮ್ ವೇಸ್ಟ್’ ಅಂದರಂತೆ. ಯಾರ ಮಾತು ಕೇಳಲಿ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಆಂಪ್ ಈಗ ಬೇಡ. ಆ ಆಲ್ಬಂ ಮಾತ್ರ ಬಿಡಿಸಬೇಡಿ. ನಿಮ್ಮ ಮಾವನವರ ಎರಡು ಮಾತಲ್ಲಿ ಕಿವಿಯ ಮಾತು ನಿಜ. ಸ್ವರದ ಮಾತಿನಲ್ಲಿ ಒಂದು ಸಣ್ಣ ಪಾಲು ನಿಜ, ಅದನ್ನೂ ಹೇಳುತ್ತೇನೆ. ಮೇಷ್ಟ್ರ ಮಾತನ್ನು ನಾನು ಒಪ್ಪುವುದಿಲ್ಲ. ಗಿಟಾರ್ ಕಲಿಸುವುದು, ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುವುದು ಎರಡೂ ನನ್ನ ಕೆಲಸ. ಎರಡು ಕಡೆಯೂ ಈ ಆಲ್ಬಂ ಮತ್ತೆ ಮತ್ತೆ ಎದುರಾಗುತ್ತದೆ.

ನಿಮ್ಮ ಮಗನ ತೊಂದರೆ ಅರ್ಥವಾಗಬೇಕಾದರೆ ಆ ಆಲ್ಬಂ ಹೇಗೆ ಹುಟ್ಟಿತು ಅಂತ ತಿಳಿಯಬೇಕು. 1971ರ ಡಿಸೆಂಬರ್. ಇಂಗ್ಲೆಂಡಿನ ಈ ಐದು ಜನ ಸ್ವಿಟ್ಜರ್ಲೆಂಡಿನ ಮಾಂಟ್ರೂ ಊರಿಗೆ ಬಂದರು. ಜಿನೀವಾ ಸರೋವರದ ದಂಡೆಯ ಊರು ಅದು. ಸ್ಟುಡಿಯೋದ ಬಿಗಿ ಸದ್ದು ಅವರಿಗೆ ಬೇಡವಾಗಿತ್ತು. ವೇದಿಕೆ ಮೇಲೆ ನುಡಿಸಿದ ಹಾಗೆ ಕೇಳಬೇಕು ಅನ್ನುವುದು ಆಸೆ. ಅದಕ್ಕೆ ಅಲ್ಲಿನ ಕ್ಯಾಸಿನೋದ ಸಭಾಂಗಣ ಗೊತ್ತು ಮಾಡಿದ್ದರು. ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ರೆಕಾರ್ಡಿಂಗ್ ಲಾರಿಯನ್ನು ಬಾಡಿಗೆಗೆ ತಂದಿದ್ದರು. ಡಿಸೆಂಬರ್ 4ಕ್ಕೆ ಆ ಸಭಾಂಗಣದಲ್ಲಿ ಫ್ರ್ಯಾಂಕ್ ಜಪ್ಪಾ ತಂಡದ ಕಛೇರಿ. ಪ್ರೇಕ್ಷಕರಲ್ಲಿ ಯಾರೋ ಫ್ಲೇರ್ ಗನ್ (ಉರಿಯುವ ಸಂಕೇತ ಹಾರಿಸುವ ಪಿಸ್ತೂಲು) ಹಾರಿಸಿದರು. ಚಾವಣಿಗೆ ಬೆಂಕಿ ಹತ್ತಿ ಇಡೀ ಕ್ಯಾಸಿನೋ ಸುಟ್ಟುಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಜನರನ್ನು ಹೊರಗೆ ಸಾಗಿಸಲು ಓಡಾಡಿದವರಲ್ಲಿ ಮಾಂಟ್ರೂ ಜಾಜ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನಾಬ್ಸ್ ಕೂಡ ಒಬ್ಬರು. ಹಾಡಿನಲ್ಲಿ ಅವರ ಹೆಸರೂ ಬರುತ್ತದೆ. ಹೊಗೆ ಸರೋವರದ ಮೇಲೆ ಹರಡಿದ್ದನ್ನು ತಂಡದವರು ಕಣ್ಣಾರೆ ಕಂಡರು. ಬಾಸ್ ನುಡಿಸುವ ರೋಜರ್ ಗ್ಲೋವರ್‌ಗೆ ಕೆಲವು ದಿನ ಬಿಟ್ಟು ನಿದ್ದೆಯಿಂದ ಏಳುವಾಗ ಹಾಡಿನ ಹೆಸರು ಬಾಯಿಗೆ ಬಂತು.

ಈಗ ಅವರ ಹತ್ತಿರ ಲಾರಿ ಇದೆ, ಜಾಗ ಇಲ್ಲ. ಪೆವಿಲಿಯನ್ ಅನ್ನುವ ಒಂದು ರಂಗಮಂದಿರದಲ್ಲಿ ರಾತ್ರಿ ನುಡಿಸಲು ಕೂತರು. ಅಕ್ಕಪಕ್ಕದವರು ದೂರು ಕೊಟ್ಟರು, ಪೊಲೀಸರು ಬಂದರು. ತಂಡದ ಕೆಲಸಗಾರರು ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದು ನಿಂತರು. ಅಷ್ಟರೊಳಗೆ ಒಂದು ಹಾಡಿನ ವಾದ್ಯದ ಭಾಗ ಮುಗಿಯಿತು. ನಿಮ್ಮ ಮಗ ದಿನಾ ನುಡಿಸುತ್ತಿರುವುದು ಅದನ್ನೇ. ಉಳಿದದ್ದೆಲ್ಲ ಆದದ್ದು ಗ್ರ್ಯಾಂಡ್ ಹೋಟೆಲ್‌ನಲ್ಲಿ. ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಹೋಟೆಲ್ ಅದು. ಓಣಿಯಂಥ ಒಂದು ಕಾರಿಡಾರ್‌ನಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ, ಹೀಟರ್ ಇಟ್ಟುಕೊಂಡು ನುಡಿಸಿದರು. ನುಡಿಸಿದ್ದನ್ನು ಕೇಳಬೇಕೆಂದರೆ ಕೋಣೆಗಳನ್ನೂ ಬಾಲ್ಕನಿಗಳನ್ನೂ ದಾಟಿ ಹೊರಗಿದ್ದ ಲಾರಿಗೆ ಹೋಗಬೇಕು. ಸ್ವಲ್ಪ ದಿನಕ್ಕೆ ಸಾಕಾಯಿತು, ಹೋಗುವುದನ್ನೇ ಬಿಟ್ಟರು. ಆಗಿದೆ ಅನ್ನಿಸಿದರೆ ಆಯಿತು, ಮುಂದಿನ ಹಾಡು.

ನನ್ನ ಮಟ್ಟಿಗೆ ಆ ಆಲ್ಬಂ ಇನ್ನೂ ಹಳಸದೇ ಇರುವುದಕ್ಕೆ ದೊಡ್ಡ ಕಾರಣ ಇದೇ. ಐದು ಜನ ಒಂದೇ ಕಡೆ ನಿಂತು ಒಬ್ಬರಿಗೊಬ್ಬರು ಕಿವಿ ಕೊಟ್ಟು ನುಡಿಸಿದ್ದು ಅದು. ತಿದ್ದಿ ತೀಡುವುದಕ್ಕೆ ಅವಕಾಶ ಕಡಿಮೆ ಇತ್ತು. ಹಾಗಾಗಿ ಯಾರೂ ಜಾಗ ತುಂಬಿಸಲು ಹೋಗಿಲ್ಲ. ಇವತ್ತು ಸ್ಟುಡಿಯೋಗೆ ಬರುವ ಹುಡುಗರ ಬ್ಯಾಂಡ್‌ಗಳಲ್ಲಿ ಗಿಟಾರ್ ಮೇಲೆ ಗಿಟಾರ್ ಎಂಟು ಪದರ ಇರುತ್ತದೆ. ಆದರೂ ಸದ್ದು ತೆಳ್ಳಗಿರುತ್ತದೆ. ಇಲ್ಲಿ ಇರುವುದು ಒಂದು ಗಿಟಾರ್, ಒಂದು ಆರ್ಗನ್, ಬಾಸ್, ಡ್ರಮ್ಸ್. ಗೋಡೆ ನಡುಗುತ್ತದೆ.

‘ಐವತ್ತು ವರ್ಷ ಹಳೇದು’ ಅನ್ನುವ ಮಾತಿಗೆ ಬರೋಣ. 1972ರ ಮಾರ್ಚ್‌ನಲ್ಲಿ ಆಲ್ಬಂ ಹೊರಬಂತು, ಬ್ರಿಟನ್‌ನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ತಂಡದವರು ನಂಬಿಕೊಂಡಿದ್ದದ್ದು ‘ನೆವರ್ ಬಿಫೋರ್’ ಅನ್ನುವ ಬೇರೆ ಹಾಡನ್ನು. ‘ಸ್ಮೋಕ್’ ಅಮೆರಿಕದಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದದ್ದೇ ಮುಂದಿನ ವರ್ಷ. ಅಲ್ಲಿ 4ನೇ ಸ್ಥಾನ. ಇದು ಲೆಕ್ಕದ ಮಾತಾಯಿತು. ಪ್ರಭಾವ ಅನ್ನುವುದು ಇದಕ್ಕಿಂತ ಬೇರೆ ದಾರಿಯಲ್ಲಿ ಹರಿದಿದೆ. 1973ರಲ್ಲಿ ಕೋಪನ್‌ಹೇಗನ್‌ನಲ್ಲಿ ಡೀಪ್ ಪರ್ಪಲ್ ಕಛೇರಿ ನೋಡಿದ ಒಂಬತ್ತು ವರ್ಷದ ಹುಡುಗನ ಹೆಸರು ಲಾರ್ಸ್ ಉಲ್ರಿಚ್. ಮುಂದೆ ಮೆಟಾಲಿಕಾ ಅನ್ನುವ ಮೆಟಲ್ ತಂಡ ಕಟ್ಟಿದವರಲ್ಲಿ ಆತ ಒಬ್ಬ. 2016ರಲ್ಲಿ ಡೀಪ್ ಪರ್ಪಲ್ ಅನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬರಮಾಡಿಕೊಂಡು ಮಾತಾಡಿದ್ದೂ ಆತನೇ. ಹೋಟೆಲ್ ಕಾರಿಡಾರ್‌ನಲ್ಲಿ ಈ ಆಲ್ಬಂ ರೆಕಾರ್ಡ್ ಮಾಡಿದ ಎಂಜಿನಿಯರ್ ಮಾರ್ಟಿನ್ ಬರ್ಚ್. ಈ ಹೆಸರನ್ನು ಸುಮಾರು ಜನ ಮರೆಯುತ್ತಾರೆ, ನನಗೆ ಬೇಜಾರಾಗುತ್ತದೆ. 1980ರಲ್ಲಿ ಬ್ಲ್ಯಾಕ್ ಸಬತ್ ತಂಡದ ‘ಹೆವನ್ ಅಂಡ್ ಹೆಲ್’ ಆಲ್ಬಂ ಮಾಡಿದ್ದು ಅವರು. 1981ರಿಂದ 1992ರವರೆಗೆ ಐರನ್ ಮೇಡನ್ ತಂಡದ ಆಲ್ಬಂಗಳನ್ನು ಮಾಡಿದ್ದೂ ಅವರೇ. ಒಂದೊಂದು ವಾದ್ಯಕ್ಕೂ ಉಸಿರಾಡಲು ಜಾಗ ಬಿಡುವ ಕೈ ಅವರದ್ದು. ನಿಮ್ಮ ಮಗ ನಾಳೆ ಐರನ್ ಮೇಡನ್ ಕೇಳಿದರೆ ಅಲ್ಲಿಯೂ ಅದೇ ಕೈ ಸಿಗುತ್ತದೆ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. 2024ರಲ್ಲಿ ಈ ಆಲ್ಬಂನ ದೊಡ್ಡ ಆವೃತ್ತಿ ಬಂದಾಗ ಅದನ್ನು ಹೊಸದಾಗಿ ಮಿಕ್ಸ್ ಮಾಡಿದ್ದು, ಅಂದರೆ ಒಂದೊಂದು ವಾದ್ಯದ ಸದ್ದನ್ನೂ ಹದ ನೋಡಿ ಸೇರಿಸಿದ್ದು, ಡ್ವೀಜಿಲ್ ಜಪ್ಪಾ. ಯಾರ ಕಛೇರಿಯಲ್ಲಿ ಬೆಂಕಿ ಬಿತ್ತೋ ಆ ಫ್ರ್ಯಾಂಕ್ ಜಪ್ಪಾ ಅವರ ಮಗ.

ಇನ್ನು ಆ ನಾಲ್ಕು ಸ್ವರ. ನಿಮ್ಮ ಮಗ ಪಿಟೀಲು ಕಲಿತವನಾದ್ದರಿಂದ ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಹಾಡಿನ ಶ್ರುತಿಯನ್ನು ಷಡ್ಜ ಅಂತ ಇಟ್ಟುಕೊಂಡರೆ ಮೇಲಿನ ದಾರಿ ಹೀಗೆ: ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ. ಎರಡನೇ ಸಲ ಬರುವಾಗ ಪ್ರತಿ ಮಧ್ಯಮವನ್ನು ಮುಟ್ಟಿ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಆ ಒಂದು ಪ್ರತಿ ಮಧ್ಯಮ ಅಮೆರಿಕದ ಬ್ಲೂಸ್ ಸಂಗೀತದಿಂದ ಬಂದದ್ದು, ರಿಫ್‌ನ ಕುಟುಕು ಅಲ್ಲೇ ಇದೆ. ಆದರೆ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಒಂದೊಂದೇ ಸ್ವರ ನುಡಿಸುತ್ತಿಲ್ಲ. ಪ್ರತಿ ಸ್ವರದ ಕೆಳಗೂ ಇನ್ನೊಂದು ಸ್ವರ ಇದೆ. ಸ ಜೊತೆ ಮಂದ್ರ ಪ. ಗಾಂಧಾರದ ಜೊತೆ ಮಂದ್ರದ ಕೈಶಿಕಿ ನಿಷಾದ. ಮಧ್ಯಮದ ಜೊತೆ ಸ. ಮೊದಲನೇ ಮೀಟು ತಂಬೂರಿಯ ಪ ಮತ್ತು ಸ, ಎರಡೂ ಒಟ್ಟಿಗೆ.

ಶುರು ಮಾಡುವ ಹುಡುಗರು ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಪುಸ್ತಕದಲ್ಲಿ ನೋಡಿ ಕೆಳಗೆ ಪ ಇಡುವ ಬದಲು ಮೇಲೆ ಪ ಇಟ್ಟು ಮೂರು ತಂತಿಯ ಪವರ್ ಕಾರ್ಡ್ (ಸ-ಪ-ಸ ಒಟ್ಟಿಗೆ) ನುಡಿಸುತ್ತಾರೆ. ಎರಡು, ಪಿಕ್‌ನಲ್ಲಿ, ಅಂದರೆ ತಂತಿ ಮೀಟುವ ಪ್ಲಾಸ್ಟಿಕ್ ಚೂರಿನಲ್ಲಿ ಹೊಡೆಯುತ್ತಾರೆ. ಪಿಕ್ ಎಷ್ಟೇ ಬೇಗ ಎಳೆದರೂ ಒಂದು ತಂತಿಯ ಆಮೇಲೆ ಇನ್ನೊಂದು ತಂತಿ ಮಿಡಿಯುತ್ತದೆ. ಬ್ಲ್ಯಾಕ್‌ಮೋರ್ ಈ ರಿಫ್‌ಗೆ ಬೆರಳು ಬಳಸುತ್ತಾರೆ. ಎರಡು ತಂತಿಯನ್ನೂ ಒಟ್ಟಿಗೆ ಚಿವುಟಿ ಬಿಡುತ್ತಾರೆ. ಎರಡೂ ಸ್ವರ ಒಂದೇ ಕ್ಷಣಕ್ಕೆ ಹುಟ್ಟುತ್ತವೆ. ‘ರೆಕಾರ್ಡಿನ ಹಾಗೆ ಬರುತ್ತಿಲ್ಲ’ ಅನ್ನುವುದರಲ್ಲಿ ಮುಕ್ಕಾಲು ಪಾಲು ಇದೇ ಇರುತ್ತದೆ. ನನ್ನ ತರಗತಿಗೆ ಬರುವ ಹುಡುಗರಿಗೆ ಪಿಕ್ ಕೆಳಗಿಡಿ ಅಂತಷ್ಟೇ ಹೇಳಿ ನೋಡಿದ್ದೇನೆ. ಅವರ ಮುಖವೇ ಬೇರೆ ಆಗುತ್ತದೆ.

ಡಿಸ್ಟಾರ್ಷನ್ ಜಾಸ್ತಿ ಮಾಡಿದರೆ ಸದ್ದು ದೊಡ್ಡದಾಗುತ್ತದೆ ಅನ್ನುವ ನಂಬಿಕೆಯಿಂದಲೇ ಹುಡುಗರ ದುಡ್ಡು ಜಾಸ್ತಿ ಖರ್ಚಾಗುವುದು. ಒಳಗೆ ಆಗುವುದೇ ಬೇರೆ. ಮೊದಲ ಮೀಟಿನ ಮಂದ್ರ ಪ ಗಿಟಾರಿನ ಡಿ ತಂತಿಯದು, ಸ ಜಿ ತಂತಿಯದು. ಡಿ ತಂತಿ ಸೆಕೆಂಡಿಗೆ ಸುಮಾರು 147 ಸಲ ಕಂಪಿಸುತ್ತದೆ, ಜಿ ತಂತಿ 196 ಸಲ. ಆಂಪ್ ಆ ಎರಡನ್ನೂ ಸ್ವಲ್ಪ ಒಡೆಸಿದಾಗ ಅವೆರಡರ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ. 196ರಲ್ಲಿ 147 ಕಳೆದರೆ 49. ಅದು ಮೇಲಿನ ಸ-ಗಿಂತ ಸರಿಯಾಗಿ ಎರಡು ಸ್ಥಾಯಿ ಕೆಳಗಿನ ಸ. ಯಾರೂ ನುಡಿಸದ ಷಡ್ಜವೊಂದು ತಳದಲ್ಲಿ ಬಂದು ಕೂರುತ್ತದೆ. ಎರಡೇ ತಂತಿ ಅಷ್ಟು ಭಾರವಾಗಿ ಕೇಳಿಸುವುದು ಇದರಿಂದ. ಸ ಮತ್ತು ಪ, ಸ ಮತ್ತು ಮ ಜೋಡಿಗಳಿಗೆ ಮಾತ್ರ ಈ ಲೆಕ್ಕ ಇಷ್ಟು ಚೆನ್ನಾಗಿ ಕೂಡುತ್ತದೆ. ಹಾರ್ಡ್ ರಾಕ್ ಇಡೀ ಈ ಜೋಡಿಗಳ ಮೇಲೆ ನಿಂತಿರುವುದಕ್ಕೆ ಕಾರಣ ಇದು. ಸ್ವರ ಹೆಚ್ಚು ಮಾಡಿದರೆ, ಸದ್ದು ಎಷ್ಟು ಒಡೆಯಬೇಕು ಅಂತ ಹೇಳುವ ಗೇನ್ ನಾಬ್ ಪೂರ್ತಿ ತಿರುಗಿಸಿದರೆ ಬೇಡದ ವ್ಯತ್ಯಾಸಗಳೂ ಹುಟ್ಟಿ ಎಲ್ಲ ಕಲಸಿಹೋಗುತ್ತದೆ. ಖಾರ ಜಾಸ್ತಿಯಾದ ಸಾರಿನಲ್ಲಿ ಹುಳಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ ನೋಡಿ, ಹಾಗೆ. ರೆಕಾರ್ಡನ್ನು ಒಳ್ಳೇ ಹೆಡ್‌ಫೋನ್‌ನಲ್ಲಿ ಮೊದಲ ಕೆಲವು ಸೆಕೆಂಡು ಕೇಳಲು ಹೇಳಿ. ಗಿಟಾರ್ ಒಂದೇ ಇರುವಾಗ ಅದು ಎಷ್ಟು ಶುಭ್ರವಾಗಿದೆ ಅಂತ ಅವನಿಗೇ ಆಶ್ಚರ್ಯವಾಗುತ್ತದೆ. ಆಮೇಲೆ ಬರುವ ಒರಟು ಸದ್ದು ಗಿಟಾರಿನದ್ದಲ್ಲ, ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ನಿನದ್ದು. ಆರ್ಗನ್ನನ್ನು ಗಿಟಾರ್ ಆಂಪ್‌ಗೆ ಜೋಡಿಸಿ ನುಡಿಸುತ್ತಿದ್ದರು ಅವರು. ಕೇಳುವವರು ಆ ಘರ್ಜನೆಯನ್ನೂ ಗಿಟಾರ್ ಖಾತೆಗೇ ಹಾಕಿಬಿಡುತ್ತಾರೆ. ಒಂದು ಪೆಡಲ್ ಕೊಂಡು ಎರಡು ವಾದ್ಯದ ಸದ್ದು ತರಲು ಆಗುವುದಿಲ್ಲ.

ನೂರು ವಾಟಿನ ವಿಷಯ. ಆ ಕಾಲದ ದೊಡ್ಡ ಆಂಪ್‌ಗಳಲ್ಲಿ ಗೇನ್ ಬೇರೆ, ವಾಲ್ಯೂಮ್ ಬೇರೆ ಇರಲಿಲ್ಲ. ಸದ್ದು ಒಡೆಯಬೇಕಾದರೆ ವಾಲ್ಯೂಮ್ ಏರಿಸಲೇಬೇಕು. ಸಭಾಂಗಣದ ಸ್ಪೀಕರ್‌ಗಳೂ ಈಗಿನಷ್ಟು ಶಕ್ತಿಯವಲ್ಲ. ಅದಕ್ಕೇ ಅವರಿಗೆ ಅಷ್ಟು ದೊಡ್ಡ ಆಂಪ್ ಬೇಕಿತ್ತು. ಈಗಿನ ಪುಟ್ಟ ಆಂಪ್‌ನಲ್ಲೂ ಎರಡು ನಾಬ್ ಇರುತ್ತವೆ. ಮತ್ತೊಂದು ವಿಷಯ, ಹತ್ತು ವಾಟಿಗಿಂತ ನೂರು ವಾಟ್ ಹತ್ತು ಪಟ್ಟು ಜೋರಾಗಿ ಕೇಳುವುದಿಲ್ಲ. ಕಿವಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಅಷ್ಟೇ. ಮನೆಯ ಕೋಣೆಗೆ ಹತ್ತು ವಾಟೇ ಜಾಸ್ತಿ.

ಮಾವನವರ ಕಿವಿಯ ಚಿಂತೆ ಸರಿಯಾದದ್ದು. ಡೀಪ್ ಪರ್ಪಲ್ 1972ರಲ್ಲಿ ಲಂಡನ್ನಿನಲ್ಲಿ ನುಡಿಸಿದಾಗ ಅಳೆದ 117 ಡೆಸಿಬಲ್‌ಗೆ ಗಿನ್ನೆಸ್ ಪುಸ್ತಕ ಅವರನ್ನು ಜಗತ್ತಿನ ಅತಿ ಜೋರಿನ ತಂಡ ಅಂತ ಕರೆಯಿತು. ಅದು ಹೆಮ್ಮೆ ಪಡುವ ವಿಷಯವಲ್ಲ. ಕೆಲಸದ ಜಾಗದ ಸದ್ದಿಗೆ ತಜ್ಞರು ಹಾಕುವ ಮಿತಿ 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕರ್ಧ. 100 ಡೆಸಿಬಲ್ ಆದರೆ 15 ನಿಮಿಷ. 117ಕ್ಕೆ ಲೆಕ್ಕ ಹಾಕಿದರೆ 20 ಸೆಕೆಂಡೂ ಇಲ್ಲ. ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನುಡಿಸಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅಂತಿದ್ದರೆ ಅವತ್ತು ಜಾಸ್ತಿ ಆಯಿತು ಅಂತಲೇ ಅರ್ಥ. ಇದರಲ್ಲಿ ಮಾತ್ರ ಅವನಿಗೆ ಸಡಿಲ ಬಿಡಬೇಡಿ. ಇದು ರಾಕ್‌ನ ದೋಷ ಅಂತಲ್ಲ, ಹೆಡ್‌ಫೋನ್‌ನಲ್ಲಿ ಭಕ್ತಿಗೀತೆ ಜೋರಾಗಿ ಕೇಳಿದರೂ ಇಷ್ಟೇ.

ಸ್ವರಜ್ಞಾನ ಕೆಡುತ್ತದಾ? ಗಿಟಾರಿನ ಫ್ರೆಟ್‌ಗಳನ್ನು, ಅಂದರೆ ಹಿಡಿಯ ಮೇಲಿನ ಅಡ್ಡ ಪಟ್ಟಿಗಳನ್ನು, ಒಂದು ಸ್ಥಾಯಿ ಹನ್ನೆರಡು ಸಮ ಸ್ವರಾಂತರ ಆಗುವ ಹಾಗೆ ಕೂರಿಸಿರುತ್ತಾರೆ. ಅದರಲ್ಲಿ ಪ ಮತ್ತು ಮ ಶುದ್ಧ ಶ್ರುತಿಗೆ ಕೂದಲೆಳೆಯಷ್ಟು ದೂರ, ಕೇಳಿದರೆ ಗೊತ್ತೂ ಆಗುವುದಿಲ್ಲ. ಅಂತರ ಗಾಂಧಾರ ಮಾತ್ರ ಶ್ರುತಿಗಿಂತ ಏರು, ಸುಮಾರು ಅರ್ಧಸ್ವರದ ಏಳನೇ ಒಂದು ಪಾಲು. ತಂಬೂರಿ ಜೊತೆ ಕೂತರೆ ಒಳ್ಳೇ ಕಿವಿಗೆ ಚುಚ್ಚುತ್ತದೆ. ಆದ್ದರಿಂದ ದಿನವಿಡೀ ಬರೀ ಗಿಟಾರ್ ಕೇಳಿ ತಕ್ಷಣ ಪಿಟೀಲು ಹಿಡಿದರೆ ಗಾಂಧಾರ ಸ್ವಲ್ಪ ಮೇಲೆ ಹೋಗಬಹುದು. ಮಾವನವರ ಮಾತಿನಲ್ಲಿ ನಿಜ ಇರುವುದು ಇಷ್ಟು. ಪರಿಹಾರವೂ ಸುಲಭ. ಮೊದಲು ಪಿಟೀಲು, ಆಮೇಲೆ ಗಿಟಾರ್. ಪಿಟೀಲು ಸಾಧನೆ ಯಾವತ್ತೂ ತಂಬೂರಿ ಇಟ್ಟುಕೊಂಡೇ ಆಗಲಿ. ಗಮಕ ಇರುವ ಕೈ ಗಿಟಾರಿಗೆ ಲಾಭವೇ. ತಂತಿ ಎಳೆದು ಸ್ವರ ಏರಿಸುವುದನ್ನು ಅವನು ಬೇರೆಯವರಿಗಿಂತ ಬೇಗ ಕಲಿಯುತ್ತಾನೆ.

ಇದೇ ಆಲ್ಬಂನಲ್ಲಿ ಅವನು ಮುಂದೆ ಆಸೆಪಡುವ ಹಾಡು ‘ಹೈವೇ ಸ್ಟಾರ್’ ಇರಬೇಕು, ಎಲ್ಲರಿಗೂ ಅದೇ. ಅದರ ಗಿಟಾರ್ ಸೋಲೋ (ಗಿಟಾರ್ ಮುಂದೆ ಬಂದು ನುಡಿಸುವ ಭಾಗ) ಕೇಳಲು ಆಶುವಾಗಿ ನುಡಿಸಿದ ಹಾಗಿದೆ. ಆದರೆ ಬ್ಲ್ಯಾಕ್‌ಮೋರ್ ಅದನ್ನು ಮೊದಲೇ ಕೂತು ಒಂದೊಂದು ಸ್ವರವಾಗಿ ಕಟ್ಟಿದ್ದರು. ಜರ್ಮನಿಯ ಹಳೇ ಸಂಗೀತಕಾರ ಬಾಖ್ ಅವರ ಸಂಗೀತದ ನಡೆ ಅದರಲ್ಲಿ ಬೇಕು ಅಂತ ಅವರ ಆಸೆ. ನಮ್ಮಲ್ಲಿ ಹೇಳಬೇಕೆಂದರೆ ಅದು ಚಿಟ್ಟೆಸ್ವರ, ಕಲ್ಪನಾಸ್ವರ ಅಲ್ಲ. ಪಾಶ್ಚಾತ್ಯ ಶಾಸ್ತ್ರೀಯದ ನಡೆಯನ್ನು ವೇಗದ ಗಿಟಾರಿಗೆ ತಂದು ಆಮೇಲಿನ ಮೆಟಲ್ ಗಿಟಾರಿಸ್ಟ್‌ಗಳಿಗೆ ದಾರಿ ತೋರಿಸಿದ್ದು ಆ ಒಂದು ಸೋಲೋ. ಚಿಟ್ಟೆಸ್ವರ ಕಲಿತ ಹಾಗೇ ಕಲಿಯಲಿ: ಸ್ವರ ಬಾಯಲ್ಲಿ ಹೇಳಿ, ಅರ್ಧ ವೇಗದಲ್ಲಿ, ತಾಳ ಹಾಕಿಕೊಂಡು. ಅದಕ್ಕೂ ಮೊದಲು ‘ಮೇಬಿ ಐಯಾಮ್ ಎ ಲಿಯೋ’ ಕಲಿಯಲಿ. ನಿಧಾನದ ಹಾಡು. ರಿಫ್ ಸಮದ ಮೇಲೆ ಹುಟ್ಟದೆ ಸ್ವಲ್ಪ ಬಿಟ್ಟು ಹುಟ್ಟುತ್ತದೆ. ಅನಾಗತ ಎಡುಪ್ಪು (ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು) ಗೊತ್ತಿರುವ ಹುಡುಗನಿಗೆ ಇದು ಒಳ್ಳೇ ಆಟ.

ಈಗ ಖರ್ಚಿನ ಲೆಕ್ಕ. ಏನೂ ಕೊಳ್ಳದೆ ಎರಡು ತಿಂಗಳು ನೋಡುವುದು ಒಂದು ದಾರಿ. ಹಳೇ ಗಿಟಾರನ್ನು ಒಬ್ಬ ರಿಪೇರಿಯವರಿಗೆ ತೋರಿಸಿ, ಹೊಸ ತಂತಿ ಹಾಕಿಸಿ, ತಂತಿಯ ಎತ್ತರ ಸರಿ ಮಾಡಿಸಿ. ಕೊಟ್ಟ ಗಿಟಾರ್‌ಗಳು ಶ್ರುತಿ ನಿಲ್ಲದೇ ಇರುವುದು ಸಾಮಾನ್ಯ, ಅದನ್ನು ಹುಡುಗರು ತಮ್ಮ ತಪ್ಪು ಅಂದುಕೊಳ್ಳುತ್ತಾರೆ. ಇದರಲ್ಲಿ ಅಪಾಯ ಒಂದೇ: ಆಂಪ್ ಇಲ್ಲದೆ ಅವನಿಗೆ ಬೇಜಾರು ಬರಬಹುದು. ಫೋನಿನ ಆ್ಯಪ್‌ಗೆ ಜೋಡಿಸಿ ನುಡಿಸುವುದು ಅಗ್ಗ. ಆದರೆ ಮೀಟಿದ್ದಕ್ಕೂ ಕೇಳಿಸುವುದಕ್ಕೂ ನಡುವೆ ಚೂರು ತಡ ಆಗುತ್ತದೆ, ಲಯ ಕೆಡುತ್ತದೆ. ಜೊತೆಗೆ ನೂರಾರು ಬಗೆಯ ಸದ್ದು ಬದಲಾಯಿಸುತ್ತಾ ಕೂತು ನುಡಿಸುವುದೇ ಮರೆತುಹೋಗುತ್ತದೆ. ನನಗೆ ಸರಿ ಅನ್ನಿಸುವುದು 10ರಿಂದ 15 ವಾಟಿನ, ಹೆಡ್‌ಫೋನ್ ತೂತು ಇರುವ ಒಂದು ಸಣ್ಣ ಆಂಪ್. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ನಾಬ್ ತಿರುಗಿಸುವಾಗ ಕರಕರ ಅನ್ನದಿದ್ದರೆ ಸಾಕು. ಹೆಡ್‌ಫೋನ್ ಹಾಕಿದಾಗ ವಾಲ್ಯೂಮ್ ಎಲ್ಲಿಯವರೆಗೆ ಅಂತ ನಾಬ್ ಮೇಲೆ ಒಂದು ಗುರುತು ಹಾಕಿಬಿಡಿ. ಪೆಡಲ್ ಬೇಡ. ನೂರು ವಾಟಿನದ್ದು ಬ್ಯಾಂಡ್ ಕಟ್ಟಿ ವೇದಿಕೆ ಹತ್ತುವ ದಿನದ ಮಾತು. ಆಗಲೂ ಬಾಡಿಗೆಗೆ ಸಿಗುತ್ತದೆ.

ಮೇಷ್ಟ್ರನ್ನು ಬದಲಾಯಿಸಬೇಕಾ ಅಂತ ನೀವು ಕೇಳಿಲ್ಲ. ಅವಸರ ಬೇಡ. ‘ಈ ರಿಫ್‌ನ ಕೆಳಗಿನ ಸ್ವರ ಯಾವುದು, ಬೆರಳಲ್ಲಿ ಹೇಗೆ ಮೀಟಬೇಕು ತೋರಿಸ್ತೀರಾ ಸಾರ್’ ಅಂತ ಮಗನೇ ಕೇಳಲಿ. ತೋರಿಸಿದರೆ ಅವರೇ ಇರಲಿ.

ಕೊನೆಗೆ ಒಂದು ಕೆಲಸ, ಇದಕ್ಕೆ ರೂಪಾಯಿ ಖರ್ಚಿಲ್ಲ. ಅವನ ಪಿಟೀಲಿನ ಶ್ರುತಿ ಸ-ಪ-ಸ-ಪ ತಾನೇ? ನಡುವಿನ ಎರಡು ತಂತಿ ಮಂದ್ರ ಪ ಮತ್ತು ಮಧ್ಯ ಸ. ರಿಫ್‌ನ ಮೊದಲ ಮೀಟು ಅಲ್ಲಿ ಬೆರಳು ಇಡದೆಯೇ ಸಿದ್ಧವಾಗಿದೆ. ಆ ಎರಡನ್ನೂ ಒಟ್ಟಿಗೆ ಕಮಾನಿನಲ್ಲಿ ಎಳೆಯಲಿ. ಆಮೇಲೆ ಒಂದೇ ಬೆರಳನ್ನು ಎರಡು ತಂತಿಯ ಮೇಲೂ ಅಡ್ಡ ಮಲಗಿಸಿ ಸಾಧಾರಣ ಗಾಂಧಾರದ ಜಾಗ, ಶುದ್ಧ ಮಧ್ಯಮದ ಜಾಗ, ಎರಡನೇ ಸಲಕ್ಕೆ ಪ್ರತಿ ಮಧ್ಯಮದ ಜಾಗ. ಇಡೀ ರಿಫ್ ಬರುತ್ತದೆ. ಫ್ರೆಟ್ ಇಲ್ಲದ ಕಾರಣ ಬೆರಳು ಚೂರು ಓರೆಯಾದರೂ ಎರಡು ಸ್ವರ ಒಂದಕ್ಕೊಂದು ಒಗ್ಗುವುದಿಲ್ಲ, ಕಿವಿ ತಕ್ಷಣ ಹಿಡಿಯುತ್ತದೆ. ಒಂದು ವಾರ ಇದನ್ನು ಮಾಡಲಿ, ಮಾವನವರ ಎದುರಿಗೇ ಮಾಡಲಿ. ಶ್ರುತಿ ಸೇರಿದೆಯೋ ಇಲ್ಲವೋ ಅವರೇ ಹೇಳಲಿ.